ಏಳು ಹುಡುಗಿಯರ ರಗ್ಬಿ ತಂಡ

ನಮ್ಮೂರು ಇಂಡಿಯಲ್ಲಿ ರಗ್ಬಿ ಅಂದರೇನೆಂದು ಯಾರಿಗೂ ಗೊತ್ತಿರದ ದಿನಗಳವು. ನಾನು ಮನೆಯಲ್ಲಿ ಹೇಳಿದಾಗ ನಮ್ಮ ಆಯಿ, "ಹೊಚ್ಚಿಕೊಳ್ಳೋ ರಗ್ಗೇನ?" ಎಂದಿದ್ದಳು.

ಫೌಜಿನಿಂದ ನಿವೃತ್ತರಾಗಿ ಬಂದ ಮಲ್ಲಪ್ಪ ಕಾಕಾ ಆ ಆಟವನ್ನು ಊರಿಗೆ ತಂದರು. ತತ್ತಿಯಂತೆ ಉದ್ದನೆಯ ಚೆಂಡು ಹಿಡಿದು ಮನೆಮನೆ ತಿರುಗಿದರು. ಬಹಳ ಜನ ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದರು. ಕೊನೆಗೆ ಸಿಕ್ಕ ಹುಡುಗಿಯರು ಏಳೇ ಮಂದಿ. ತಂಡಕ್ಕೆ ಬೇಕಾದವರೂ ಅಷ್ಟೇ. ಒಬ್ಬಳು ತಪ್ಪಿದರೂ ಆಟವಿಲ್ಲ.

ಜೋಳ ಕಿತ್ತು ಖಾಲಿಯಾದ ಕಾಕಾನ ಎರೆಹೊಲವೇ ನಮ್ಮ ಮೈದಾನ. ಬಿರುಕುಗಳಿಗೆ ಬುಟ್ಟಿಗಟ್ಟಲೆ ಮಣ್ಣು ತುಂಬಿ ತುಳಿದೆವು. ಪಕ್ಕದ ನಿಂಬೆ ತೋಟದಿಂದ ಬೆಳಿಗ್ಗೆ ಹೂವಿನ ವಾಸನೆ ಬರುತ್ತಿತ್ತು. ಓಡಿ ಓಡಿ ದಣಿದ ಮೇಲೆ ಬದುವಿನ ಮೇಲೆ ಕೂತು ಕಟಕರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತಿದ್ದೆವು. ರೇಷ್ಮಾ ಯಾವಾಗಲೂ ನನ್ನ ಪಕ್ಕದಲ್ಲೇ. ಅವಳ ಅಪ್ಪನದು ಬಸ್‌ಸ್ಟ್ಯಾಂಡಿನ ಹತ್ತಿರ ಪಂಕ್ಚರ್ ಅಂಗಡಿ. ಒಂಬತ್ತನೇ ತರಗತಿಯಲ್ಲಿ ನಾವಿಬ್ಬರೂ ಒಂದೇ ಬೆಂಚು.

ಸಿಂದಗಿಯಲ್ಲಿ ಮೊದಲ ಪಂದ್ಯವೆಂದು ಗೊತ್ತಾಯಿತು. ಕಾಕಾ ರೇಷ್ಮಾಳನ್ನು ಕ್ಯಾಪ್ಟನ್ ಮಾಡಿದರು. ನಾನೇ ಆಗುತ್ತೇನೆಂದು ಮನೆಯಲ್ಲೆಲ್ಲ ಹೇಳಿಕೊಂಡಿದ್ದೆ.

ಹೊರಡುವ ಮುಂಚಿನ ದಿನದ ಅಭ್ಯಾಸ. ಕಾಕಾ ಆ ತುದಿಯಲ್ಲಿ ಬಗ್ಗಿ ಸುಣ್ಣದ ಗೆರೆ ಎಳೆಯುತ್ತಿದ್ದರು. ರೇಷ್ಮಾ ಚೆಂಡು ಹಿಡಿದು ನಗುತ್ತ ನನ್ನನ್ನು ದಾಟಿ ಓಡಿದಳು. ಎದುರಾಳಿಯನ್ನು ಸೊಂಟದ ಕೆಳಗೇ ಹಿಡಿಯಬೇಕೆಂದು ಕಾಕಾ ದಿನಾ ಹೇಳುತ್ತಿದ್ದರು. ನಾನು ಹಿಂದಿನಿಂದ ಅವಳ ಕುತ್ತಿಗೆಗೆ ಕೈ ಹಾಕಿ ಜಗ್ಗಿದೆ. ಒಣ ದಂಟು ಮುರಿದಂಥ ಸಪ್ಪಳ. ಅವಳ ಹೆಗಲ ಎಲುಬು ಮುರಿದಿತ್ತು.

ಕಾಕಾ ಓಡಿ ಬಂದರು. ನೆಲದ ಮೇಲೆ ಬಿದ್ದಿದ್ದ ರೇಷ್ಮಾ ನನ್ನನ್ನು ನೋಡಿದಳು.

"ಕಾಲು ಜಾರಿತ್ರಿ ಕಾಕಾ. ನಾನ ಬಿದ್ದೆ."

ಸಂಜೆ ಅವಳ ಅಪ್ಪ ಕಾಕಾನ ಮನೆಗೆ ಬಂದರು. ನಾವೆಲ್ಲ ಅಲ್ಲೇ ಇದ್ದೆವು.

"ಮಲ್ಲಪ್ಪಣ್ಣ, ಫೌಜಿನವರ ಆಟ ನಮ್ಮ ಹುಡುಗ್ಯಾರಿಗೆ ಯಾಕ ಕಲಿಸಿದ್ರಿ? ನಾಳೆ ಈಕಿ ಕೈ ಸೆಟದು ನಿಂತ್ರ ಯಾರ್ರಿ ಗತಿ?"

ಕಾಕಾ ತಲೆಯ ಟೋಪಿ ತೆಗೆದರು. "ನಂದ ತಪ್ಪು ಭಾಯಿ. ನೆಲ ಬಿರುಸಿತ್ತು. ನಾನ ನೋಡಬೇಕಾಗಿತ್ತು."

ನಾನು ಗೋಡೆಗೆ ಒರಗಿ ನಿಂತೇ ಇದ್ದೆ.

ಮರುದಿನ ಸಿಂದಗಿಗೆ ಹೋಗುವುದು ತಪ್ಪಿತು. ವಾರದೊಳಗೆ ಇನ್ನೂ ಮೂರು ಮನೆಯವರು ಹುಡುಗಿಯರನ್ನು ಬಿಡಿಸಿದರು. ಮುಂಗಾರಿಗೆ ಕಾಕಾ ಆ ಹೊಲಕ್ಕೆ ನೇಗಿಲು ಹೂಡಿದರು. ಸಾಯುವವರೆಗೂ ಊರಿನ ಬಾಯಲ್ಲಿ ಅವರು "ಆ ಹುಡುಗಿ ಎಲುಬು ಮುರಿಸಿದಾಂವ" ಆಗಿಯೇ ಉಳಿದರು.

ಹೋದ ತಿಂಗಳು ಚಡಚಣದಲ್ಲಿ ರೇಷ್ಮಾಳ ಮನೆಗೆ ಹೋಗಿದ್ದೆ. ಗೋಡೆಯ ಎತ್ತರದ ಮಾಡಿನಲ್ಲಿದ್ದ ಚಹಾಪುಡಿ ಡಬ್ಬಿಯನ್ನು ಅವಳು ಎಡಗೈಯಿಂದ ಇಳಿಸಿದಳು. ಬಲಗೈ ಹೆಗಲಿನಿಂದ ಮೇಲೆ ಏಳುವುದಿಲ್ಲ. ಅದನ್ನು ನೋಡಿ ತಡೆಯಲಾಗದೆ ಹೇಳಿಬಿಟ್ಟೆ.

"ಆವತ್ತ ನಾ ಬೇಕಂತನ ಜಗ್ಗಿದ್ದೆ."

"ಗೊತ್ತೈತಿ," ಎಂದಳು. ಚಹಾ ಸೋಸುತ್ತಲೇ ಇದ್ದಳು. "ನಿನ್ನ ಹೆಸರ ಹೇಳಿದ್ರ ನಿನ್ನೂ ಬಿಡಸ್ತಿದ್ರು. ನೀನರ ಆಡ್ಲಿ ಅಂತ ಸುಮ್ಮನಿದ್ದೆ." ಲೋಟ ನನ್ನ ಮುಂದಿಟ್ಟು ಅಂದಳು, "ಆದ್ರ ಕಾಕಾಗರ ನೀ ಹೇಳಬೇಕಾಗಿತ್ತು."

ಕಾಕಾ ತೀರಿಕೊಂಡು ಆಗಲೇ ನಾಲ್ಕು ವರ್ಷ. ತಂಡ ಹೋಯಿತು, ಆ ಬೆಳಗುಗಳು ಹೋದವು ಎಂದು ಉಳಿದ ಆರು ಜನ ಮರುಗಬಹುದು. ನನಗೆ ಆ ಹಕ್ಕೂ ಇಲ್ಲ.