ಹಬೆ ಕಾರಿನಲ್ಲಿ ಆಫೀಸಿಗೆ

ನಾನು ಕೆಲಸಕ್ಕಿದ್ದ ಡಚ್ ಊರು ವೆಲ್ಡ್‌ಹೋವನ್‌ನಲ್ಲಿ ಒಂದು ಬೆಳಿಗ್ಗೆ ಕಣ್ಣೆದುರೇ ಬಸ್ ತಪ್ಪಿತು. ಒಂಬತ್ತಕ್ಕೆ ಮೀಟಿಂಗ್. ಎರಡು ಸಾವಿರನೇ ಇಸವಿ ಬಂದರೂ ಕಂಪ್ಯೂಟರ್‌ಗಳು ಕೆಡೋದಿಲ್ಲ ಅಂತ ನಾನೇ ಅಲ್ಲಿ ಭರವಸೆ ಕೊಡಬೇಕಿತ್ತು. ಪಕ್ಕದ ಮನೆಯ ಯಾನ್ ಗ್ಯಾರೇಜಿನಿಂದ ಕೂಗಿದರು, "ಬಾ, ನಾನು ಬಿಡ್ತೀನಿ."

ಒಳಗಿದ್ದದ್ದು ಅವರಿಗಿಂತಲೂ ವಯಸ್ಸಾದ ಹಬೆ ಕಾರು. ಯಾನ್ ಅದರ ಒಲೆ ಹಚ್ಚಿ, ನೀರು ಕುದಿಯಲಿ ಅಂತ ನಿಂತರು. ಅಷ್ಟರಲ್ಲಿ ಎರಡು ಬಸ್ ಬಂದು ಹೋದವು. ಓಡಿಹೋಗಿ ಹತ್ತಬಹುದಿತ್ತು. ಆದರೆ ಹಬೆಯ ಒತ್ತಡ ತೋರಿಸುವ ಮುಳ್ಳು ಮೇಲೇರೋದನ್ನ ಬಿಟ್ಟು ಹೋಗೋಕೆ ಮನಸ್ಸೇ ಬರಲಿಲ್ಲ.

"ಮೈಸೂರಲ್ಲಿ ನಮ್ಮನೆ ಬಚ್ಚಲಲ್ಲೂ ಇಂಥದೇ ಹಂಡೆ ಇತ್ತು. ದಿನಾ ಉರಿ ಹಾಕ್ತಿದ್ವಿ," ಅಂದೆ.

"ಹೌದಾ? ಎಷ್ಟು ದೂರ ಹೋಗ್ತಿತ್ತು?" ಯಾನ್ ಗಂಭೀರವಾಗಿಯೇ ಕೇಳಿದರು.

ಕಡೆಗೂ ಹೊರಟಿತು. ಸದ್ದೇ ಇಲ್ಲ, ತೇಲಿದ ಹಾಗೆ. ಸೇತುವೆ ದಾಟೋಷ್ಟರಲ್ಲಿ ನೀರು ಮುಗಿಯಿತು. ಯಾನ್ ನನ್ನ ಕೈಗೆ ಬಕೆಟ್ ಕೊಟ್ಟರು. ಟೈಯನ್ನ ಹೆಗಲಿಗೆಸೆದುಕೊಂಡು ಕಾಲುವೆಯಿಂದ ನೀರು ಎತ್ತುತ್ತಿದ್ದಾಗ, ನನ್ನ ಮ್ಯಾನೇಜರ್ ಸೈಕಲ್ಲಲ್ಲಿ ಬೆಲ್ ಹೊಡೆದುಕೊಂಡು ಮುಂದೆ ಹೋದರು.

ಮೀಟಿಂಗಿಗೆ ಅರ್ಧ ಗಂಟೆ ತಡವಾಯಿತು. ಮ್ಯಾನೇಜರ್ ಬೈಯಲಿಲ್ಲ, ಗಡಿಯಾರ ನೋಡಿದರು. ಆ ದೇಶದಲ್ಲಿ ಬೈಗುಳ ಅಂದರೆ ಅದೇ.

"ಸಂಜೆ ಐದಕ್ಕೆ ಬರ್ತೀನಿ" ಅಂತ ಯಾನ್ ಹೇಳಿ ಹೋಗಿದ್ದರು. ದಿನವಿಡೀ ನನ್ನ ತಲೆಯಲ್ಲಿ ಆ ಕಾರೇ. ಐದಕ್ಕೆ ಸರಿಯಾಗಿ ಯಾನ್ ಗೇಟಿನ ಹತ್ತಿರ ನಿಂತಿದ್ದರು, ಸೈಕಲ್ ಹಿಡಿದುಕೊಂಡು.

"ಕಾರೆಲ್ಲಿ?" ಅಂದೆ.

"ಐದಕ್ಕೆ ಅಂತ ಮಾತು ಕೊಟ್ಟ ಮೇಲೆ ಆ ಕಾರನ್ನ ಯಾರಾದರೂ ನಂಬ್ತಾರಾ? ಹಿಂದೆ ಕೂತ್ಕೋ."