ಬಲಗಡೆಯ ಮುಂದಿನ ಟೈರು

ರೇಸು ಗೆಲ್ಲಿಸುವುದು ಎಂಜಿನ್ನು ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಎಂಜಿನ್ನಿಗಿರುವುದು ಬರೀ ಗಂಟಲು. ತಿರುವಿನಲ್ಲಿ ಕಾರನ್ನು ನೆಲಕ್ಕೆ ಕಚ್ಚಿ ಹಿಡಿಯುವುದು ನಾಲ್ಕು ಟೈರು, ಆ ನಾಲ್ಕರ ಮರ್ಮ ಗೊತ್ತಿದ್ದದ್ದು ನಮ್ಮ ಅಕ್ಕ ವರ್ಲೀನಳಿಗೆ. ವಾರವೆಲ್ಲ ಅವಳು ಮಿಲ್ಲಿನಲ್ಲಿ ಕೂತು ಕಾಲುಚೀಲಗಳ ಜೋಡಿ ಕೂಡಿಸುತ್ತಿದ್ದಳು. ಶನಿವಾರ ಬಂತೆಂದರೆ ಸ್ಯಾಂಡಿ ಫೋರ್ಕ್ ಟ್ರ್ಯಾಕಿನಲ್ಲಿ ಗಂಡನ ಕಾರಿಗೆ ಟೈರುಗಳ ಜೋಡಿ ಕೂಡಿಸುತ್ತಿದ್ದಳು. ಎರಡೂ ಒಂದೇ ಕೆಲಸ ಬಿಡು ಎಂದು ನಾನು ರೇಗಿಸಿದರೆ, "ಅಲ್ಲಿ ಎರಡೂ ಸಮ ಇರ್ಬೇಕು, ಇಲ್ಲಿ ಸಮ ಇರಬಾರ್ದು ಕಣೋ ಪೆದ್ದ," ಎನ್ನುತ್ತಿದ್ದಳು.

ಅದು ನಿಜ. ನಮ್ಮ ಟ್ರ್ಯಾಕಿನಲ್ಲಿ ಎಡಕ್ಕೆ ಬಿಟ್ಟರೆ ಬೇರೆ ತಿರುವೇ ಇಲ್ಲ. ಹಿಂದಿನ ಬಲಗಡೆ ಟೈರಿನ ಸುತ್ತಳತೆ ಎಡಗಡೆಯದಕ್ಕಿಂತ ಒಂದೆರಡು ಬೆರಳು ಹೆಚ್ಚಿದ್ದರೆ ಕಾರು ತಾನಾಗಿಯೇ ಎಡಕ್ಕೆ ಹೊರಳುತ್ತದೆ. ಕಾಗದದ ಲೋಟವನ್ನು ನೆಲದ ಮೇಲೆ ಉರುಳಿಸಿ ನೋಡಿ, ಗೊತ್ತಾಗುತ್ತದೆ. ಆ ವ್ಯತ್ಯಾಸ ಅತಿಯಾಯಿತೋ, ಹಿಂಭಾಗ ಜಾರಿ ಕಾರು ಬುಗುರಿಯಾಗುತ್ತದೆ. ಕಡಿಮೆಯಾಯಿತೋ, ಮೂತಿ ತಿರುಗದೆ ನೆಟ್ಟಗೆ ಗೋಡೆಗೆ ಹೋಗುತ್ತದೆ. ಒಂದೇ ಅಚ್ಚಿನಿಂದ ಬಂದ ಟೈರುಗಳೂ ಒಂದರಂತೆ ಒಂದಿರುವುದಿಲ್ಲ. ಅಕ್ಕ ಒಂದೊಂದಕ್ಕೂ ಟೇಪು ಸುತ್ತಿ ಅಳೆದು ಆರಿಸಬೇಕಿತ್ತು. ಕಾರು ಸುತ್ತು ಹಾಕಿ ಬಂದೊಡನೆ ರಬ್ಬರಿಗೆ ಶಾಖ ಅಳೆಯುವ ಮೀಟರಿನ ಸೂಜಿ ಚುಚ್ಚಿ, ಎಷ್ಟು ಕಾದಿದೆ ಎಂದು ಕೂಗಿ ಹೇಳಬೇಕಿತ್ತು. ಜಾಕು ಹಾಕಿ ಟೈರು ಬಿಚ್ಚುವವನು ನಾನು. ಅಕ್ಕ ಕೂಗಿದ್ದನ್ನು ಕೇಳಿ ಏನು ಬದಲಿಸಬೇಕೆಂದು ತೀರ್ಮಾನಿಸುವವರು ಅವಳ ಮಾವ ಹಾರ್ಲನ್ ಪ್ರಿಡ್ಡಿ. ಒಂದು ಕಾಲದಲ್ಲಿ ಐವತ್ತೆಂಟನೇ ನಂಬರಿನ ಕಾರು ಓಡಿಸಿ ಹೆಸರು ಮಾಡಿದ ಆಸಾಮಿ. ಈಗ ಅದೇ ನಂಬರಿನಲ್ಲಿ ಓಡಿಸುತ್ತಿದ್ದವನು ಅವರ ಮಗ ರಾಯ್ಸ್, ನನ್ನ ಭಾವ.

ಹಿಂದಿನ ವರ್ಷ ಮೂರನೇ ತಿರುವಿನಲ್ಲಿ ಯಾರೋ ತಗುಲಿ ರಾಯ್ಸ್‌ನ ಕಾರು ಮಗುಚಿ ಗೋಡೆಗೆ ಒರಗಿಬಿಟ್ಟಿತ್ತು. ಈ ಕಾರುಗಳ ಬಾಗಿಲು ತೆರೆಯುವುದಿಲ್ಲ. ಕಿಟಕಿಗೆ ಕಟ್ಟಿದ ಬಲೆ ಇಳಿಸಿ, ಸ್ಟೇರಿಂಗ್ ಚಕ್ರ ಕಳಚಿ, ಕಿಟಕಿಯಿಂದಲೇ ಹೊರಗೆ ಬರಬೇಕು. ಅವತ್ತು ಕಿಟಕಿ ಗೋಡೆಗೆ ಅಂಟಿತ್ತು, ಚಕ್ರ ಕಳಚಲಿಲ್ಲ, ಪೆಟ್ರೋಲು ತೊಟ್ಟಿಕ್ಕುತ್ತಿತ್ತು. ಕಂಬಿ ಕತ್ತರಿಸಿ ತೆಗೆಯುವವರೆಗೂ ಅವನು ಆ ವಾಸನೆಯಲ್ಲೇ ತಲೆಕೆಳಗಾಗಿ ನೇತಾಡುತ್ತಿದ್ದ. ಮೈಮೇಲೆ ಒಂದು ಗೀರೂ ಇರಲಿಲ್ಲ. "ದೇವರು ದೊಡ್ಡವನು, ಬರೋ ವರ್ಷ ಒಂದು ಕೈ ನೋಡೋಣ," ಎಂದರು ಹಾರ್ಲನ್. ಊರೂ ಹಾಗೇ ಅಂದಿತು. ಮತ್ತೆ ಹತ್ತೋಕೆ ಮನಸ್ಸಿದೆಯೇನಪ್ಪಾ ಎಂದು ಕೇಳಿದವರು ಒಬ್ಬರೂ ಇಲ್ಲ.

ಮರುವಸಂತದಲ್ಲಿ ರಾಯ್ಸ್ ಹತ್ತಿದ. ಹತ್ತಿದ ಮೊದಲ ಶನಿವಾರವೇ ಕಾರು ನಿಧಾನವಾಗಿತ್ತು. "ಹಿಂದೆ ಜಾರ್ತದೆ ಡ್ಯಾಡಿ, ಹಿಡಿತಕ್ಕೇ ಸಿಗ್ತಿಲ್ಲ," ಎಂದ. ಅಕ್ಕ ಸೂಜಿ ಚುಚ್ಚಿದಳು. ಎಡಕ್ಕೆ ತಿರುಗುವ ಕಾರಿನ ಭಾರವೆಲ್ಲ ಬೀಳುವುದು ಬಲಗಡೆಯ ಮುಂದಿನ ಟೈರಿನ ಮೇಲೆ. ತಿರುವಿಗೆ ನುಗ್ಗಿದವನ ಟೈರು ಕೈ ಸುಡುವಷ್ಟು ಕಾದಿರುತ್ತದೆ. ಈ ಟೈರನ್ನು ನಾನು ಬರಿಗೈಯಲ್ಲಿ ಎತ್ತಿಕೊಂಡೆ, ಬಿಸಿಲಿಗಿಟ್ಟ ಕುಂಬಳಕಾಯಿಯಷ್ಟೇ ಬೆಚ್ಚಗಿತ್ತು. ಹಿಂದಿನದೂ ಅಷ್ಟೆ. ಯಾವ ಟೈರೂ ಜಾರಿರಲಿಲ್ಲ. ಅವನು ತಿರುವು ಬರುವ ಮುಂಚೆಯೇ ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತಿದ್ದ. ಹೆದರಿದ್ದ.

"ಎಷ್ಟು?" ಎಂದು ಹಾರ್ಲನ್ ಕೇಳಿದರು.

ಬಲೆಯ ಹಿಂದಿನಿಂದ ರಾಯ್ಸ್ ಹೆಂಡತಿಯನ್ನೇ ನೋಡುತ್ತಿದ್ದ. ಅಕ್ಕ ಮುಂದಿನದು ಬಿಸಿ, ಹಿಂದಿನದು ಇನ್ನೂ ಬಿಸಿ ಎಂದು ಹೇಳಿಬಿಟ್ಟಳು. ಹಾರ್ಲನ್ ತಲೆಯಾಡಿಸಿದರು. "ಹಾಗಾದ್ರೆ ಜಾರ್ತಿರೋದು ನಿಜ. ಹಿಂದೆ ಬಲಗಡೆಗೆ ಒಂಚೂರು ಚಿಕ್ಕ ಟೈರು ಹಾಕ್ರೋ."

ಅಲ್ಲಿಂದ ಅಕ್ಕನಿಗೆ ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಪ್ರತಿ ಶನಿವಾರ ರಾಯ್ಸ್ ಜಾರುತ್ತದೆ ಎನ್ನುವನು, ಅಕ್ಕ ಬಿಸಿ ಎನ್ನುವಳು, ಹಾರ್ಲನ್ ಇಲ್ಲದ ರೋಗಕ್ಕೆ ಮದ್ದು ಹಾಕುವರು. ಎಡಬಲದ ವ್ಯತ್ಯಾಸ ಕರಗುತ್ತಾ ಬಂತು. ನೆಟ್ಟಗಿದ್ದ ಕಾರು ನಿಜವಾಗಿಯೂ ಕೆಡತೊಡಗಿತು, ತಿರುವಿನಲ್ಲಿ ಅದರ ಮೂತಿ ಗೋಡೆಯನ್ನೇ ಹುಡುಕುತ್ತಿತ್ತು.

ನನಗೆ ತಡೆಯಲಾಗಲಿಲ್ಲ. "ಅಕ್ಕಾ, ಆ ಟೈರು ತಣ್ಣಗಿರುತ್ತೆ. ನಿಂಗೂ ಗೊತ್ತು, ನಂಗೂ ಗೊತ್ತು."

"ಬಾಯ್ಮುಚ್ಚು ಲೋನಿ."

"ಹಿಂಗೇ ಆದ್ರೆ ಭಾವ ಗೋಡೆಗೆ ಹೊಡ್ಕೊಂಡು ಸಾಯ್ತಾನೆ ಕಣೇ!"

"ಹೇಳಿದ್ರೆ ನಾಚಿಕೇಲಿ ಸಾಯ್ತಾನೆ. ಹೆಂಡತಿನೇ ಅಷ್ಟು ಜನರ ಮುಂದೆ ಹೇಡಿ ಅಂದ್ಲು ಅಂತ ಆಗುತ್ತೆ. ಎಲ್ಲಿಗೆ ಹೋಗ್ಲೋ ನಾನು?" ಎಂದು ಟೈರಿನ ಮೇಲೆ ಕೂತು ಅತ್ತಳು.

ಅವಳು ಮನೆಯಲ್ಲಿ ಕೇಳದೆ ಇರಲಿಲ್ಲ. ನಿಮ್ಮಪ್ಪನಿಗೆ ನೀನೇ ಹೇಳಿಬಿಡು ಎಂದರೆ ರಾಯ್ಸ್ ನಗುತ್ತಿದ್ದನಂತೆ. "ಏನಂತ ಹೇಳ್ಲಿ? ಕ್ಷೌರಕ್ಕೆ ಕೂತ್ರೆ ಐವತ್ತೆಂಟು ಬಂದ ಅಂತಾರೆ. ಚರ್ಚಲ್ಲಿ ಐವತ್ತೆಂಟಕ್ಕೆ ಪ್ರಾರ್ಥನೆ ಮಾಡ್ತಾರೆ. ರಾಯ್ಸ್ ಅಂತ ಕರೆಯೋದು ನೀನೊಬ್ಳೇ. ಕಾರಿಂದ ಇಳಿದ್ಮೇಲೆ ನಾನು ಯಾರು ವರ್ಲೀನ್?" ಶನಿವಾರ ಬೆಳಗಿನಿಂದ ಅವನ ಗಂಟಲಲ್ಲಿ ಏನೂ ಇಳಿಯುತ್ತಿರಲಿಲ್ಲ. ಅಕ್ಕ ಬೊಲೋನಿ ಮಾಂಸದ ಬಿಲ್ಲೆ ಹುರಿದು ಬ್ರೆಡ್ಡಿನ ನಡುವೆ ಇಟ್ಟು ತರುತ್ತಿದ್ದಳು, ಅದು ಹಾಗೇ ಟ್ರ್ಯಾಕಿನ ನಾಯಿಗೆ ಹೋಗುತ್ತಿತ್ತು. ಆ ನಾಯಿಯೊಂದೇ ಆ ವರ್ಷ ದಪ್ಪಗಾಗಿದ್ದು.

ಆಗಸ್ಟಿನ ಒಂದು ಶನಿವಾರ. ರೇಸಿಗೆ ಮುಂಚಿನ ಅಭ್ಯಾಸ, ಎರಡನೆಯ ಸುತ್ತು. ಅದೇ ಮೂರನೇ ತಿರುವಿನಲ್ಲಿ ಐವತ್ತೆಂಟು ತಿರುಗಲೇ ಇಲ್ಲ. ಎಲ್ಲರ ಕಣ್ಣೆದುರೇ ನೆಟ್ಟಗೆ ಹೋಗಿ ಬಲಮಗ್ಗುಲನ್ನು ಗೋಡೆಗೆ ಉಜ್ಜಿಕೊಂಡು, ಕಿಡಿ ಹಾರಿಸುತ್ತಾ ತೆವಳಿಕೊಂಡು ಬಂತು. ಸದ್ಯ, ಅವನು ನಿಧಾನವಾಗಿದ್ದ. ರೇಸಿನ ನೂಕುನುಗ್ಗಲಲ್ಲಿ ಆಗಿದ್ದರೆ ನಾನು ಈ ಕಥೆ ಹೇಳುತ್ತಿರಲಿಲ್ಲ.

ಹಾರ್ಲನ್ ಕಿಟಕಿಗೆ ಬಗ್ಗಿದರು. "ಏನಾಯ್ತೋ?"

"ಹಿಂದೆ ಜಾರ್ತದೆ ಡ್ಯಾಡಿ," ಎಂದ ರಾಯ್ಸ್.

ಅಯ್ಯೋ ದೇವರೇ. ಮೂತಿ ತಿರುಗದೆ ಗೋಡೆಗೆ ಹೋದದ್ದನ್ನು ಇಡೀ ಊರು ನೋಡಿದೆ, ಇವನು ಅದೇ ಪಾಠ ಒಪ್ಪಿಸುತ್ತಿದ್ದಾನೆ. ನನಗೆ ಅವನ ಮೇಲೆ ಸಿಟ್ಟು ಬಂತು, ಮರುಕ್ಷಣವೇ ಕನಿಕರವೂ ಬಂತು.

"ವರ್ಲೀನ್, ಟೈರು ನೋಡಮ್ಮ. ಎಷ್ಟಿದೆ?"

ಅಕ್ಕ ಬಲಗಡೆಯ ಮುಂದಿನ ಟೈರಿಗೆ ಸೂಜಿ ಚುಚ್ಚಿದಳು. ಗಂಡ ಅವಳನ್ನೇ ನೋಡುತ್ತಿದ್ದ. ಅವಳು ಸೂಜಿ ಕಿತ್ತು ಎದ್ದುನಿಂತಳು. "ತಣ್ಣಗಿದೆ ಮಾವ. ಈ ವರ್ಷ ಒಂದು ದಿನವೂ ಅದು ಕಾದಿಲ್ಲ. ನಾನು ಹೇಳಿದ್ದೆಲ್ಲ ಸುಳ್ಳು. ಕಾರಲ್ಲಿ ಏನೂ ತೊಂದ್ರೆ ಇರ್ಲಿಲ್ಲ, ನಾವೇ ಕೆಡಿಸಿದ್ವಿ. ಬೈಯೋದಿದ್ರೆ ನನ್ನ ಬೈರಿ. ಅವನನ್ನ ಮಾತ್ರ ಮತ್ತೆ ಆಚೆ ಕಳಿಸ್ಬೇಡಿ."

ಮುದುಕ ಸಿಡಿಯುತ್ತಾನೆ ಎಂದು ನಾನು ಜಾಕಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದು ನಿಂತೆ. ಹಾರ್ಲನ್ ಮಂಡಿಯೂರಿ ಕೂತು ಟೈರಿನ ಮೇಲೆ ಅಂಗೈ ಇಟ್ಟರು. ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ ಬಹಳ ಹೊತ್ತು ಇಟ್ಟುಕೊಂಡಿದ್ದರು.

"ನಂಗೆ ಅನುಮಾನ ಇತ್ತಮ್ಮ. ಈ ಸುಳ್ಳಿನ ದನಿ ನಂಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಕಿವುಡನ ಹಾಗೆ ಇದ್ದೆ," ಎಂದರು.

ಆಮೇಲೆ ಎದ್ದು, ಕಿಟಕಿಯ ಬಲೆಯನ್ನು ತಾವೇ ಇಳಿಸಿದರು. "ಇಳಿಯೋ."

"ಜನ ಕಾಯ್ತಿದ್ದಾರೆ ಸರ್," ಎಂದ ರಾಯ್ಸ್. ಭಯವಾದರೆ ನಮ್ಮ ಕಡೆ ಗಂಡುಮಕ್ಕಳು ಅಪ್ಪನನ್ನು ಸರ್ ಎನ್ನುತ್ತಾರೆ.

"ಕಾಯ್ಲಿ ಬಿಡು. ನಂಗೂ ಕಾಯ್ತಿದ್ರು. ಗೆಳೆಯ ಒಬ್ಬ ನನ್ನ ಕಣ್ಣೆದುರೇ ಸುಟ್ಟುಹೋದ್ಮೇಲೆ ನನ್ನ ಟೈರೂ ಒಂದು ದಿನಾನೂ ಬಿಸಿ ಆಗ್ಲಿಲ್ಲ ಮಗಾ. ಸೂಜಿ ಹಿಡಿತಿದ್ದವಳು ನಿಮ್ಮಮ್ಮ. ಬಿಸಿ, ಬಿಸಿ ಅಂತ ನಮ್ಮಪ್ಪನಿಗೆ ಹೇಳ್ತಾನೇ ಹೋದ್ಲು ಪುಣ್ಯಾತ್ಗಿತ್ತಿ. ಕಣ್ಣು ಮಂಜಾಗೋವರೆಗೂ ಓಡಿಸ್ದೆ. ಇಳಿ ಅಂತ ಒಬ್ರೂ ಅನ್ಲಿಲ್ಲ ನಂಗೆ."

ಹಾರ್ಲನ್ ಒಳಗೆ ಕೈಹಾಕಿ ಸ್ಟೇರಿಂಗ್ ಚಕ್ರವನ್ನು ಕಳಚಿದರು. ಅದು ಕಾರಿನಿಂದ ಕಳಚಿ ಬಂತು, ರಾಯ್ಸ್‌ನ ಕೈಯಿಂದ ಬರಲಿಲ್ಲ. ಬೆರಳುಗಳು ಸೆಟೆದುಕೊಂಡಿದ್ದವು. ಅಕ್ಕ ಕಿಟಕಿಯಿಂದ ಅರ್ಧ ಒಳಗೆ ತೂರಿ ಒಂದೊಂದೇ ಬೆರಳು ಬಿಡಿಸಿದಳು. "ಬಿಡು ರಾಯ್ಸ್. ಬಿಡು, ನಾನಿದ್ದೀನಿ."

ಅವನು ಹೊರಗೆ ಬಂದು ಆ ಟೈರಿಗೇ ಒರಗಿ ನೆಲದ ಮೇಲೆ ಕುಸಿದು ಕೂತ. ಧ್ವನಿವರ್ಧಕದಲ್ಲಿ ಐವತ್ತೆಂಟೆಲ್ಲಿ, ಐವತ್ತೆಂಟೆಲ್ಲಿ ಎಂದು ಕರೆಯುತ್ತಿದ್ದರು. ಹಾರ್ಲನ್ ಟೋಪಿ ಸರಿಮಾಡಿಕೊಂಡು, ಇವತ್ತು ನಮ್ಮ ಕಾರು ಓಡುವುದಿಲ್ಲ ಎಂದು ಹೇಳಿಬರಲು ಹೊರಟರು. ಎರಡು ಹೆಜ್ಜೆ ಹೋಗಿ ತಿರುಗಿ, "ಇನ್ಮುಂದೆಯೂ ಓಡಲ್ಲ," ಎಂದು ನಮಗೆ ಹೇಳಿ ಹೋದರು.

ರಾಯ್ಸ್ ಹೆಲ್ಮೆಟ್ಟು ಕಳಚಿ ಪಕ್ಕಕ್ಕಿಟ್ಟ. ಆಮೇಲೆ ಅಕ್ಕನ ಕಡೆ ನೋಡಿ, "ಬೊಲೋನಿ ತಂದಿದ್ದೀಯಾ?" ಎಂದು ಕೇಳಿದ. ಅಕ್ಕ ಡಬ್ಬಿ ತೆಗೆದುಕೊಟ್ಟಳು. ಬಾಲ ಆಡಿಸುತ್ತಾ ಬಂದ ನಾಯಿಗೆ ಒಂದು ಚೂರೂ ಹಾಕದೆ ಅವನು ಎಲ್ಲವನ್ನೂ ತಿಂದ.