ಚಪ್ಪರದ ಹಾಗೆ ನೆಟ್ಟ ಟೆಂಟು

ಮದುವೆಯಾದ ಮೇಲೆ ನಾನು ಕೃಷ್ಣರಾಜನಗರದ ಹತ್ತಿರ ಅತ್ತೆಯ ಮನೆಯಲ್ಲೇ ಇದ್ದೆ. ನಮ್ಮ ಯಜಮಾನರದು ಕಾಲುವೆಯ ಸರ್ವೆ ಕೆಲಸ. ಸರಗೂರಿನ ಕಡೆ ಹೊಲಗಳ ನಡುವೆ, ಆರೇಳು ಗಂಡಸರ ಜೊತೆ ಒಂದು ದೊಡ್ಡ ಡೇರೆಯಲ್ಲಿ ಮಲಗುತ್ತಿದ್ದರು. ಹೆಂಗಸು ಅಲ್ಲಿಗೆ ಹೋಗಿ ಇರುವ ಮಾತೇ ಇರಲಿಲ್ಲ.

ಎಪ್ಪತ್ತರ ದಶಕದ ಮೊದಲಲ್ಲಿ ಅವರಿಗೊಂದು ಹೊಸ ಟೆಂಟು ಸಿಕ್ಕಿತು. ಬೆನ್ನಿಗೆ ಹಾಕಿಕೊಂಡು ನಡೆಯುವಷ್ಟು ಹಗುರ. ತೆಳ್ಳನೆಯ ಹಸಿರು ಬಟ್ಟೆ, ಅಲ್ಯೂಮಿನಿಯಂ ಕೋಲುಗಳು. ಇಬ್ಬರು ಮಲಗಬಹುದು ಎಂದು ತಿಳಿದ ದಿನ ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ. ನಾನು ಅಲ್ಲಿಗೆ ಹೋಗಲು ಅತ್ತೆ ಒಪ್ಪಲಿಲ್ಲ.

"ನಾನೂ ಬತ್ತೀನಿ, ನೋಡ್ತೀನಿ. ಅದು ನೆಟ್ಟಗೆ ನಿಂತ್ರೆ ನೀನಿರು. ಇಲ್ದಿದ್ರೆ ಸಂಜೆ ಬಸ್ಸಿಗೆ ನನ್ಜೊತೆ ವಾಪಸ್ಸು ಬರ್ಬೇಕು, ತಿಳೀತಾ?"

ಹ್ಯಾಂಡ್‌ಪೋಸ್ಟ್ ಎಂಬಲ್ಲಿ ಬಸ್ಸು ಬದಲಿಸಿ ಮಧ್ಯಾಹ್ನದ ಹೊತ್ತಿಗೆ ತಲುಪಿದೆವು. ಬೆಟ್ಟದ ತಾಯಿ ಚಿಕ್ಕದೇವಮ್ಮನ ದಯೆ, ಅವತ್ತು ಮಳೆಯಿರಲಿಲ್ಲ, ನೆಲವೂ ಮೆತ್ತಗಿತ್ತು. ದೊಡ್ಡ ಡೇರೆಯನ್ನು ಕೂಲಿಯವರೇ ಹಾಕುತ್ತಿದ್ದುದರಿಂದ ಯಜಮಾನರಿಗೆ ಟೆಂಟು ಹಾಕುವುದು ಗೊತ್ತಿರಲಿಲ್ಲ. ಅತ್ತೆ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದರು.

"ಯಾವತ್ತೂ ಚಪ್ಪರ ಆಕಿಲ್ವೇನ್ಲಾ? ಮೊದ್ಲು ಗುಂಡಿ ತೋಡು."

ಸರಿ, ಮೊಳದಾಳದ ಎರಡು ಗುಂಡಿ ತೋಡಿದರು. ಮೂಡಣ ದಿಕ್ಕಿನ ಕೋಲಿಗೆ ನಾನು ಅರಿಶಿನ ಕುಂಕುಮ ಹಚ್ಚಿ ಮಾವಿನ ಸೊಪ್ಪು ಕಟ್ಟಿದೆ. ಕೋಲು ಇಳಿಸಿ, ಮಣ್ಣು ತುಂಬಿ, ನೀರು ಹಾಕಿ ತುಳಿದು ಗಟ್ಟಿ ಮಾಡಿದೆವು. ಆಮೇಲೆ ಮೇಲೆ ಬಟ್ಟೆ ಹಾಕಿದರೆ, ಮೊಳದುದ್ದ ಕೋಲು ನೆಲದೊಳಗೆ ಹೋಗಿತ್ತಲ್ಲ, ಬಟ್ಟೆಯೆಲ್ಲ ಜೋತುಬಿದ್ದು ನೆಲದ ಮೇಲೆ ಹರಡಿಕೊಂಡಿತು.

"ಎಮ್ಮೆ ಮೇಲೆ ಗೋಣಿ ಒದ್ಸಿದಂಗೈತೆ! ಇದ್ರೊಳಗೆ ಮನ್ಸರು ಮಲಗ್ತಾರೇನ್ಲಾ? ಕೋಳಿ ಕೂಡಾಕು, ಹೋಗು."

"ಕೋಳಿನೂ ಒಪ್ಪಕ್ಕಿಲ್ಲ ಬುಡವ್ವ" ಎಂದು ಯಜಮಾನರು ತಲೆ ಕೆರೆದುಕೊಂಡರು.

ಅತ್ತೆ ಆಗಲೇ ಚೀಲ ಎತ್ತಿಕೊಂಡಿದ್ದರು. ನನಗೆ ಅಳು ಬರುವ ಹಾಗಾಯಿತು. ಚಿಕ್ಕದೇವಮ್ಮನ ಬೆಟ್ಟದ ಕಡೆ ತಿರುಗಿ ಕೈ ಮುಗಿದೆ. ಆಮೇಲೆ ಧೈರ್ಯ ಮಾಡಿ, "ಕೋಲು ಕಿತ್ತು ನೆಲದ ಮ್ಯಾಲೇ ನಿಲ್ಲಿಸ್ರಿ. ಬೀಳದಂಗೆ ನಾನೂ ಅತ್ತೆನೂ ಹಿಡ್ಕೊತೀವಿ" ಎಂದೆ.

ಒಂದು ಕೋಲು ನಾನು ಹಿಡಿದೆ. ಗೊಣಗುತ್ತಲೇ ಇನ್ನೊಂದನ್ನು ಅತ್ತೆ ಹಿಡಿದರು. ಯಜಮಾನರು ಸುತ್ತಲೂ ಗೂಟ ಹೊಡೆದು ಹಗ್ಗ ಎಳೆದು ಕಟ್ಟುತ್ತಾ ಬಂದರು. ಎಳೆದಂತೆಲ್ಲ ಬಟ್ಟೆ ತಮಟೆಯ ಚರ್ಮದ ಹಾಗೆ ಬಿಗಿಯಾಯಿತು. ನಾನು ಕೈ ಬಿಟ್ಟೆ. ಅತ್ತೆ ಬಿಡಲಿಲ್ಲ.

"ಬುಡವ್ವ" ಎಂದರು ಯಜಮಾನರು.

"ಬುಟ್ರೆ ಬಿದ್ದೋಯ್ತದೆ ಕಣ್ಲಾ."

"ಬೀಳಕ್ಕಿಲ್ಲ, ಹಗ್ಗ ಇಡ್ಕೊಂಡದೆ."

"ನೆಲದೊಳ್ಗೆ ಊರ್ದೆ ಇರೋ ಕಂಬ ನಿಂತದ್ದ ನಾನೆಲ್ಲೂ ಕಂಡಿಲ್ಲ."

ಕೊನೆಗೆ ಒಂದೊಂದೇ ಬೆರಳು ಸಡಿಲಿಸಿದರು. ಅಷ್ಟರಲ್ಲೇ ಗಾಳಿ ಬೀಸಿತು. ಟೆಂಟು ಒಮ್ಮೆ ಉಬ್ಬಿತು, ತಗ್ಗಿತು, ನಿಂತೇ ಇತ್ತು. ನಾನು ಚಿಕ್ಕ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿಬಿಟ್ಟೆ. ಅತ್ತೆ ಸುತ್ತು ಬಂದು ಅಲ್ಲಲ್ಲಿ ಬೆರಳಿನಿಂದ ಚುಚ್ಚಿ ನೋಡಿದರು.

"ಊಂ. ಬಲಗಾಲಿಟ್ಟು ಒಳಿಕ್ಕೋಗಮ್ಮಿ."

ಬಾಗಿಲು ಸೊಂಟದೆತ್ತರವೂ ಇಲ್ಲ. ಬಲಗಾಲು ಮುಂದೆ ಚಾಚಿದವಳು ಕುಂಡಿ ಊರಿ ಕೂತುಬಿಟ್ಟೆ.

"ಓಗ್ಲಿ, ಬಲಮಂಡಿ ಇಡು. ದೇವ್ರು ಒಪ್ಕೊತಾನೆ."

ನಗುತ್ತಾ ಅಂಬೆಗಾಲಿಟ್ಟು ಒಳಗೆ ಹೋದೆ. ಒಳಗೆಲ್ಲ ಎಳೆ ಹಸಿರು ಬೆಳಕು. ನನ್ನ ಬಳೆಗಳೂ ಹಸಿರಾಗಿ ಕಂಡವು. ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು.

"ಆ ಬಸ್ಸು ಓದ್ರೆ ಓಗ್ಲಿ, ವಸಿ ಸರ್ಕೊ" ಎನ್ನುತ್ತಾ ಅತ್ತೆಯೂ ಬಲಮಂಡಿ ಊರಿ ಒಳಗೆ ಬಂದು, ಕಾಲು ಚಾಚಿ ಮಲಗಿಯೇಬಿಟ್ಟರು.

ಯಜಮಾನರು ಬಾಗಿಲಲ್ಲಿ ಮುಖ ತೂರಿಸಿದರು. "ನಾನೆಲ್ಲಿ ಮಲಗ್ಲವ್ವ?"

"ಆಚೆ ಅಷ್ಟೊಂದು ಜಾಗ ಬಿದ್ದಿಲ್ವೇನ್ಲಾ?"

ಮಾರನೆಯ ಬೆಳಗ್ಗೆ ಅತ್ತೆ ಒಬ್ಬರೇ ಬಸ್ಸು ಹತ್ತಿದರು. ಹೊರಡುವ ಮೊದಲು ನನಗೆ ಕುಂಕುಮ ಇಟ್ಟು, ಆಮೇಲೆ ಟೆಂಟಿನ ಸುತ್ತ ಹೋಗಿ ಒಂದೊಂದು ಹಗ್ಗವನ್ನೂ ತಾವೇ ಎಳೆದು ನೋಡಿದರು.